ಹಗೇವಿನ ಉಸಿರು

೨೭-೩-೨೦೦೬, ಸೋಮವಾರ

ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಗೆ ಹೋಗಿ ಬಂದೆ. ಸೀನಿ ಸೀನಿ ಮೂಗು ಕೆಂಪಾಗೇದ. ದಲಾಲಿ ಬಾಯಿ ಮುಚ್ಚಿಸಿದೆ — ಈ ತಾಲೂಕಿನಾಗ ನನ್ನ ಮಾತಿನಾಗ ಗೆದ್ದವರಿಲ್ಲ.

ಅಣ್ಣನ ಮಗಳು ಭುವನಾ ಸೂಟಿಗೆ ಬಂದಾಳ. ಕಾರವಾರದಾಗ ಸಮುದ್ರದ ಕ್ರಿಮಿ ಓದತಾಳ. ಕಾಡಿಸಿದೆ.

"ಕ್ರಿಮಿ ಹಿಡ್ಯಾಕ ಅಷ್ಟು ದೂರ ಯಾಕ? ನಮ್ಮ ಹಿತ್ತಲದಾಗ ಪುಕ್ಕಟ ಸಿಗತಾವ."

"ನಗಬ್ಯಾಡ್ರಿ ಕಾಕಾ. ಲೋಕದಾಗ ಹುಟ್ಟೋ ಒಳ್ಳೆ ಗಾಳ್ಯಾಗ ಹತ್ರ ಹತ್ರ ಅರ್ಧ ಸಮುದ್ರದ್ದು."

ಚಮಚ ನೀರಿನಾಗ ಲಕ್ಷಗಟ್ಟಲೆ ಅಂತ. ಬಿಸಿಲು, ಕೆಟ್ಟ ಗಾಳಿ ಉಂಡು ಬೆಳೀತಾವ. ಅವನ್ನ ಹುಳ, ಹುಳಾನ ಮೀನು ತಿಂತಾವ. ಸತ್ತದ್ದನ್ನ ಬ್ಯಾರೆ ಕ್ರಿಮಿ ತಿಂದು ಆ ಕೆಟ್ಟ ಗಾಳೀನ ತಿರುಗಿ ಉಸಿರು ಬಿಡತಾವ. ಉಳಿದದ್ದು ಬೂದಿ ಉದುರಿದಂಗ ತಳಕ್ಕ...

"ಅಷ್ಟು ಕತ್ತಲಾಗ ಯಾರಿರತಾರ?" ಅಂದ್ಳು ನಮ್ಮವ್ವ.

"ಅಲ್ಲೂ ತಿನ್ನೋವು ಇರತಾವ ಅಜ್ಜೀ."

೧೬-೪, ರವಿವಾರ

ಹಗೇವಿಗೆ ಮಳಿನೀರು ಇಳಿದೈತಿ. ನೆಲದಾಗ ಜ್ವಾಳ ತುಂಬಿಟ್ಟ ಕುಣಿ ಊರಾಗ ಉಳಿದದ್ದು ನಮ್ಮದೊಂದ. ಬಾಯಿಕಲ್ಲಿನ ಸಂದ್ಯಾಗ ಮುಗ್ಗಲು ವಾಸನಿ. ನಾಳೆ ತೆಗೀಬೇಕು.

ಭುವನಾ ಕಾರವಾರದಿಂದ ಫೋನ್ ಮಾಡಿದ್ಳು. ಬೋಟಿನ ಮ್ಯಾಲೆ ಹೊಂಟಾಳ, ನಾಕು ದಿನ ಸಿಗೂದಿಲ್ಲ.

"ಹಸಿ ಜ್ವಾಳಕ್ಕ ಕ್ರಿಮಿ ಹತ್ತಿದ್ರ ಅವೂ ಉಸಿರಾಡತಾವ ಕಾಕಾ. ಒಳಗ ಒಳ್ಳೆ ಗಾಳಿ ಉಳ್ಯಾಂಗಿಲ್ಲ. ದೀಪ ಬಿಟ್ಟು ನೋಡ್ರಿ. ಆರಲಿಲ್ಲಂದ್ರ ಇಳೀರಿ."

"ಅದನ್ನ ನಮ್ಮ ಮುತ್ಯಾ ಕಲಿಸ್ಯಾನ. ನಿನ್ನ ಸಮುದ್ರ ಕಲಿಸೋದು ಬ್ಯಾಡ."

ನಕ್ಕಳು.

೧೭-೪

ಅಣ್ಣ ಹೋದ.

೧೯-೪

ಬರದ್ರ ಹಗರಾಗತದೇನೋ...

ಅಣ್ಣ, ನಾನು, ಬಾಜೂ ಮನಿ ಹಜರತಅಲಿ. ಕಲ್ಲು ಸರಿಸಿದ್ವಿ. ಚಿಮಣ್ಯಾಗ ಎಣ್ಣಿ ಇರಲಿಲ್ಲ. ತರತೇನಿ ಅಂದ ಅಣ್ಣ. "ಮಿಣುಕು ದೀಪ ಯಾಕೋ, ನನ್ನ ಬ್ಯಾಟರಿ ಐತಲ್ಲ" ಅಂದೆ ನಾನು. ಹಗ್ಗಕ್ಕ ಕಟ್ಟಿ ಬಿಟ್ಟೆ. ಜ್ವಾಳದ ಮ್ಯಾಲೆ ಬೆಳ್ಳಗ ಬೆಳಕು. ಆರಲಿಲ್ಲ. ನೋಡ್ರಿ ಅಂದೆ, ಎದಿ ಉಬ್ಬಿಸಿ.

ನಾನ ಇಳೀತೇನಿ ಅಂದೆ. "ನಿನ್ನ ಹೊಟ್ಟಿ ಹಗೇವಿನ ಬಾಯಾಗ ಸಿಕ್ಕರ ಜ್ವಾಳ ಬಿಟ್ಟು ನಿನ್ನ ಎಳೀಬೇಕು" ಅಂದ ಅಣ್ಣ. ಮೂವರೂ ನಕ್ಕಿವಿ. ಇಳಿದ. ಬುಟ್ಟಿ ಬಿಡೋ ಅಂದ. ಬಿಟ್ಟೆ. ಬುಟ್ಟಿ ತುಂಬಲಿಲ್ಲ. ಕರದೆ. ಕರದೆ...

ಹಜರತಅಲಿ ಗಾಳ ಹಾಕಿ ಎಳೆದ. ಕೆಳಗ ಬ್ಯಾಟರಿ ಇನ್ನೂ ಉರ್ಯಾಕತ್ತಿತ್ತು. ನನ್ನ ಕಿವ್ಯಾಗ ಅಂದ — "ಬ್ಯಾಟರಿ ಏನು ಉಸಿರಾಡತೈತೇನೋ?"

ಆಮ್ಯಾಲೆ ಹಾವೇರಿ ದವಾಖಾನಿ. ಮಣ್ಣು. ಹಜರತಅಲಿ ನಮ್ಮ ಮನಿಕಡೆ ಬಂದಿಲ್ಲ.

೨೧-೪

ಭುವನಾ ಬಂದ್ಳು. ಕೂದಲಾಗ ಉಪ್ಪಿನ ವಾಸನಿ. ಅಳಲಿಲ್ಲ.

"ಕಾಕಾ, ದೀಪ ಬಿಟ್ಟಿದ್ರಿ?"

"ಬಿಟ್ಟಿದ್ವಿ."

"ಆರಿತ್ತು?"

"ಇಲ್ಲವ್ವಾ."

ಬ್ಯಾಟರಿ ಅನ್ನಲಿಲ್ಲ. ಇಷ್ಟು ದೊಡ್ಡ ಮಾತುಗಾರ.

೨೪-೪

ಭುವನಾ ಕಾರವಾರಕ್ಕ ತಿರುಗಿ ಹೋಗೂದಿಲ್ಲಂತ. ಪುಸ್ತಕ ಕಟ್ಟಿ ಅಟ್ಟಕ್ಕ ಒಗದಾಳ. ಅವ್ವನ ಮುಂದ ಅಂದದ್ದು ಕೇಳಿಸಿಕೊಂಡೆ — "ಆರಲಿಲ್ಲಂದ್ರ ಇಳೀರಿ ಅಂದಾಕಿ ನಾನ ಅಜ್ಜೀ. ನನ್ನ ಮಾತು ನಂಬಿ ಅಪ್ಪ ಇಳಿದ."

ಅವ್ವ ಆಕೀ ತಲಿ ಸವರಿದ್ಳು. ನಾನು ಬಾಗಲ ಹಿಂದ ನಿಂತಿದ್ದೆ. ಹಂಗ ನಿಂತೆ.

೨೫-೪, ಮುಂಜಾನೆ

ಭುವನಾ ಎದ್ದು ಹಗೇವಿನ ಕಲ್ಲು ಸರಿಸ್ಯಾಳ. ಕಿಡಕ್ಯಾಗಿಂದ ನೋಡಾಕತ್ತೇನಿ. ಚಿಮಣಿಗೆ ಎಣ್ಣಿ ಹಾಕಿ, ಹಚ್ಚಿ, ಹಗ್ಗಕ್ಕ ಕಟ್ಟಿ ಬಿಟ್ಟಳು. ಎರಡು ಮಾರು ಇಳಿಯೂದರಾಗ ಆರಿತು. ಮತ್ತ ಹಚ್ಚಿದ್ಳು. ಮತ್ತ ಆರಿತು.

ಮೂರನೇದು ಹಚ್ಚಲಿಲ್ಲ. ಕೂತಾಳ. ಕರಿಯಾಕತ್ತಾಳ.

"ಕಾಕಾ... ಅವತ್ತು ಯಾವ ದೀಪ ಬಿಟ್ಟಿದ್ರಿ?"

ಹೋಗತೇನಿ. ನಿನ್ನ ಮಾತು ಖರೇ ಇತ್ತವ್ವಾ ಅಂತ ಮೊದಲ ಹೇಳತೇನಿ. ಆಮ್ಯಾಲೆ... ಭುವನಾ, ನಾ ಬಿಟ್ಟದ್ದು...