ಹೊಡೆದುಹಾಕಿದ ಸಾಲು

ಬಾಸ್ಟನ್, ೧೪ ಅಕ್ಟೋಬರ್ ೧೭೦೭, ಮಂಗಳವಾರ

ಪಾದ್ರಿ ಥಾರ್ನ್‌ಡೈಕರು ಹಸ್ತಪ್ರತಿ ಹಿಂದಿರುಗಿಸಿದರು. ಈ ನೆಲದ ಮೂಲನಿವಾಸಿ ಇಂಡಿಯನ್ನರ ಸೆರೆಯಲ್ಲಿ ಅಮ್ಮ ಕಳೆದ ಚಳಿಗಾಲವನ್ನು ಅವಳ ಬಾಯಿಂದಲೇ ಕೇಳಿ ನಾನು ಬರೆದದ್ದು. ಒಂದೇ ಸಾಲು ಹೊಡೆದುಹಾಕಿದ್ದಾರೆ: ಬಿಡುಗಡೆಯ ದಿನ, ತನಗೆ ಮುಸುಕಿನ ಜೋಳದ ಗಂಜಿ ಕುಡಿಸಿ ಉಳಿಸಿದ ಅಲ್ಲಿಯ ಮುದುಕಿಯನ್ನು ತಬ್ಬಿಕೊಂಡು ಅಮ್ಮ ಅತ್ತದ್ದು.

"ಬಿಡಿಸಿದ್ದು ದೇವರು ಕಣಮ್ಮ. ಆ ಅಳು ಇದ್ರೆ ನಾನು ಮುನ್ನುಡಿ ಬರೆಯೋಲ್ಲ," ಎಂದರು. ಆಗಲಿ ಎಂದು ತಲೆಯಾಡಿಸಿ ಬಂದುಬಿಟ್ಟೆ.

ಊಟದ ಹೊತ್ತಿಗೆ ಅಮ್ಮ ಕೇಳಿದಳು, "ಆ ಮುದುಕಿ ಮಾತು ಬರ್ದಿದೀಯ ತಾನೇ? ನಂಗೆ ಓದೋಕೆ ಬರಲ್ಲ ಅಂತ ಬಿಟ್ಟುಗಿಟ್ಟೀಯ!"

"ಬರ್ದಿದೀನಮ್ಮ."

ತಟ್ಟೆ ತೊಳೆದಿಟ್ಟು ಮೇಜಿಗೆ ಬಂದೆ. ಈಗ ಆ ಪುಟವನ್ನು ಹೊಸದಾಗಿ ಬರೆದಿದ್ದೇನೆ, ಆ ಸಾಲಿನ ಸಮೇತ. ನಾಳೆ ನೇರ ಅಚ್ಚುಕೂಟಕ್ಕೇ ಒಯ್ಯುತ್ತೇನೆ. ಪಾದ್ರಿಗಳ ಮುನ್ನುಡಿಯಿಲ್ಲದ ಹೆಂಗಸಿನ ಪುಸ್ತಕವನ್ನು ಅಚ್ಚಿನವರು ಮುಟ್ಟುತ್ತಾರೆಯೇ? ಮುಟ್ಟದಿದ್ದರೂ, ಅಮ್ಮನಿಗೆ ನಾನು ಹೇಳಿದ್ದು ಈಗ ಸುಳ್ಳಲ್ಲ. ಆದರೂ ನಿದ್ದೆ ಬರುತ್ತಿಲ್ಲ.