ನಾಲ್ಕನೆಯ ಬದಿಯ ಕಂದಕ

ನಾರಿಚ್
ಅಕ್ಟೋಬರ್ ೧೪, ಸೋಮವಾರ

ಅಪ್ಪಾ,

ಈ ಕಾಗದವನ್ನು ಅರ್ಧ ಓದಿ ಎದ್ದು ಹೋಗಬೇಡ. ಫೋನಿನಲ್ಲಾದರೆ ನೀನು "ಸರಿ ಸರಿ, ನಾಯಿಗೆ ಊಟ ಹಾಕ್ಬೇಕು" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಗುರುವಾರ ಡೆನ್ಜಿಲ್ ತನ್ನ ಮಣ್ಣು ತಳ್ಳುವ ಯಂತ್ರ ತಂದು ಹಾಲ್ ಫೀಲ್ಡಿನ ಹಳ್ಳ ಮುಚ್ಚುವುದು ಬೇಡ. ಅದು ಹಳ್ಳವಲ್ಲ, ಕಂದಕ. ಏಳುನೂರು ವರ್ಷದ ಹಿಂದೆ ಯಾರೋ ಒಬ್ಬ ಜಮೀನ್ದಾರ ತನ್ನ ಮನೆಯ ಸುತ್ತ ತೋಡಿಸಿ ನೀರು ತುಂಬಿಸಿದ್ದು. ಮನೆ ಇಲ್ಲದ ಹೊಲಕ್ಕೆ 'ಹಾಲ್', ಅಂದರೆ ಜಮೀನ್ದಾರರ ದೊಡ್ಡ ಮನೆ, ಅಂತ ಹೆಸರು ಯಾಕೆ ಬಂತು ಎಂದು ನೀನು ಒಂದು ದಿನವೂ ಕೇಳಿಕೊಳ್ಳಲಿಲ್ಲವೇ?

ಜುಲೈನಲ್ಲಿ, ಹನಿ ಮಳೆಯಿಲ್ಲದ ಆ ಐದು ವಾರಗಳಲ್ಲಿ ಒಂದು ದಿನ, ಚರ್ಚಿನ ಘಂಟೆ ಬಾರಿಸುವ ವಿನಿಫ್ರೆಡ್ ಆಂಟಿಯ ಜತೆ ಗೋಪುರ ಹತ್ತಿದ್ದೆ. ಮೇಲಿನಿಂದ ನಿನ್ನ ಬಾರ್ಲಿ ನಕ್ಷೆಯ ಹಾಗೆ ಕಂಡಿತು. ಗೋಡೆಗಳ ತಳಪಾಯ ಇದ್ದಲ್ಲೆಲ್ಲ ಪೈರು ಬೇಗ ಒಣಗಿ ಹಳದಿ ಗೆರೆ. ಕಂದಕದ ಮೂರು ಬದಿ ಇನ್ನೂ ತೆರೆದೇ ಇವೆ; ಅಜ್ಜ ಮುಚ್ಚಿಸಿದ ನಾಲ್ಕನೆಯ ಬದಿಯಲ್ಲಿ ಮಣ್ಣು ಆಳ, ತೇವ ಉಳಿದು ದಟ್ಟ ಹಸಿರು ಪಟ್ಟಿ. ಅಜ್ಜ ಮುಚ್ಚಿದ್ದನ್ನು ಬಾರ್ಲಿ ಬಿಚ್ಚಿ ತೋರಿಸುತ್ತಿತ್ತು. ಆಂಟಿ, "ಅಯ್ಯೋ ಹುಡುಗಿ, ಮೂವತ್ತು ವರ್ಷ ಹಗ್ಗ ಎಳೆದಿದ್ದೀನಿ, ಒಂದ್ಸಲಾನೂ ಕೆಳಗೆ ಬಗ್ಗಿ ನೋಡ್ಲಿಲ್ವಲ್ಲ" ಅಂದರು.

ಆ ಸಂಜೆಯೇ ನಿನಗೆ ಹೇಳಿದೆ. ಡೆನ್ಜಿಲ್ ಅಲ್ಲೇ ಕೂತಿದ್ದ. "ಪೈರು ಒಣಗಿದೆ ಅಂತ ಹೇಳೋಕೆ ಗೋಪುರ ಹತ್ತಬೇಕಾಯ್ತಾ ಮೇಡಂಗೆ?" ಅಂದ. ನೀನೂ ನಕ್ಕೆ. "ಅವಳು ಅರ್ಧ ಇಂಗ್ಲಿಷ್, ಅದನ್ನೂ ಹಾಸ್ಟೆಲ್ ತಿಂದ್ಹಾಕ್ತು. ಇನ್ನರ್ಧ ಅವಳಮ್ಮನ ಲಾಟ್ವಿಯಾ. ಈ ಮಣ್ಣಿನದು ಅವಳಲ್ಲಿ ಏನಿದೆ, ಬಿಡು" ಅಂದೆ. ಅಮ್ಮ ತೀರಿಹೋದ ವರ್ಷವೇ, ಹನ್ನೊಂದನೇ ವಯಸ್ಸಿಗೆ, ನನ್ನನ್ನು ಹಾಸ್ಟೆಲ್ಲಿಗೆ ಸೇರಿಸಿದವನು ನೀನು ಅಪ್ಪಾ. ನಾನಾಗಿ ಹೋದದ್ದಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಹೋದ ಶನಿವಾರ ನೀನು ಉಳುಮೆ ಸ್ಪರ್ಧೆಗೆ ಹೋಗಿದ್ದಾಗ ನಮ್ಮ ಪುರಾತತ್ವ ವಿಭಾಗದ ಪರವಾಗಿ ನಾವು ಎಂಟು ಜನ ಹಾಲ್ ಫೀಲ್ಡಿನಲ್ಲಿ ನಡೆದೆವು. ಉತ್ತ ಹೊಲದ ಮೇಲೆ ಮಳೆ ಬಿದ್ದು ಹೆಂಟೆ ತೊಳೆದ ಮೇಲೆ, ಸಾಲಾಗಿ ತಲೆ ತಗ್ಗಿಸಿ ನಡೆದು, ಇಪ್ಪತ್ತು ಹೆಜ್ಜೆಗೊಂದು ಚೀಲದಂತೆ ಸಿಕ್ಕಿದ್ದನ್ನು ಆಯುವುದು ನಮ್ಮ ಪದ್ಧತಿ. ಜಮೀನಿನ ಮಾಲೀಕನ ಸಹಿ ಇಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆ ಒಪ್ಪಿಗೆಯ ಹಾಳೆಯ ಮೇಲೆ ನಿನ್ನ ಸಹಿಯನ್ನು ನಾನು ಹಾಕಿದೆ. ನನಗದು ಚೆನ್ನಾಗಿ ರೂಢಿ. ಹಾಸ್ಟೆಲ್ಲಿನಲ್ಲಿ ನೀನು ಬಾರದ ಭಾನುವಾರಗಳಲ್ಲಿ ಹೊರಗೆ ಹೋಗುವ ಚೀಟಿಗೆ ಅದನ್ನೇ ಹಾಕಿಕೊಳ್ಳುತ್ತಿದ್ದೆ.

ಹೆಂಚಿನ ಚೂರು ಎರಡು ಬಕೆಟ್ ಸಿಕ್ಕಿತು. ಹಸಿರು ಮೆರುಗಿನ ಹೂಜಿಯ ಹಿಡಿ ಸಿಕ್ಕಿತು. ಸಿಂಪಿ ಚಿಪ್ಪುಗಳಂತೂ ರಾಶಿ. ಸಮುದ್ರ ಇಪ್ಪತ್ತೈದು ಮೈಲಿ ದೂರ. ಯಾರೋ ಗಾಡಿ ಕಟ್ಟಿಸಿ ತರಿಸಿ, ಚಪ್ಪರಿಸಿ ತಿಂದು ಚಿಪ್ಪನ್ನು ಹೊರಗೆಸೆದಿದ್ದಾರೆ. ನಮ್ಮ ಹೊಲದಲ್ಲಿ.

ನಿವೃತ್ತ ಅಂಚೆಯಣ್ಣ ಮಿಸ್ಟರ್ ಕಟಿಂಗ್ ಕೂಡ ಬಂದಿದ್ದರು. "ಇಪ್ಪತ್ತು ವರ್ಷದಿಂದ ಕೇಳ್ತಿದ್ದೆ ಕಣಮ್ಮ, ನಿಮ್ಮಪ್ಪ ಗೇಟೇ ತೆಗೀಲಿಲ್ಲ. ನೀನು ಕೇಳಿದ್ದಕ್ಕೆ ಕರಗಿಬಿಟ್ರು ನೋಡು" ಅಂದರು. ನಾನು ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡೆ.

ಬೇಕಿದ್ದರೆ ವಿಭಾಗಕ್ಕೆ ದೂರು ಕೊಡು, ನಾನು ಹೆದರುವುದಿಲ್ಲ. ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಪ್ರೌಟ್‌ ಅವರಿಗೆ ಎಲ್ಲವನ್ನೂ ನಾನೇ ಹೇಳಿಯಾಗಿದೆ.

ಕಾನೂನು ನಿನ್ನ ಕಡೆಗೇ ಇದೆ. ಹೊಲ ನಿನ್ನದು, ಮುಚ್ಚಿದರೆ ತಡೆಯುವವರಿಲ್ಲ. ಮುಂದಿನ ವರ್ಷ ಸಕ್ಕರೆ ಬೀಟ್‌ ಗೆಡ್ಡೆ ಕೀಳುವ ಯಂತ್ರ ತಿರುಗಿಸಲು ಜಾಗ ಸಾಲದು ಅನ್ನುತ್ತೀಯ. ಅಡ್ಡಡ್ಡ ಬಿತ್ತುವುದು ಬಿಟ್ಟು ರಸ್ತೆ ಬದಿಯ ಬೇಲಿಗೆ ಸಮನಾಗಿ ಸಾಲು ಹಾಕು. ಕಂದಕದ ಹತ್ತಿರ ಎರಡೇ ಸಲ ತಿರುಗಿಸಿದರೆ ಸಾಕು. ಹೆಜ್ಜೆ ಹಾಕಿ ಅಳೆದಿದ್ದೇನೆ. ಇದನ್ನು ಹಾಸ್ಟೆಲ್ಲಿನಲ್ಲಿ ಯಾರೂ ಕಲಿಸಲಿಲ್ಲ.

ಬುಧವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಗುರುವಾರ ಬೆಳಿಗ್ಗೆ ಕಂದಕದೊಳಗೆ ನಿಂತಿರುತ್ತೇನೆ. ಮಣ್ಣನ್ನು ನನ್ನ ಮೇಲೆಯೇ ಸುರಿಯಬೇಕಾಗುತ್ತದೆ ಎಂದು ಡೆನ್ಜಿಲ್‌ಗೆ ಈಗಲೇ ಹೇಳಿಬಿಡು.

ನೀನು ಒಪ್ಪಿದರೂ ಬಿಟ್ಟರೂ ನಿನ್ನ ಮಗಳೇ ಆದ,
ವೆಲ್ಟಾ ಥರ್ಲೋ

ತಾ.ಕ.: ಡಾಕ್ಟರ್ ಪ್ರೌಟ್‌ ಅವರಿಗೆ ಹೇಳಿದ್ದೇನೆ ಎಂದು ಮೇಲೆ ಬರೆದದ್ದು, ಬರೆಯುವಾಗ ಸುಳ್ಳಾಗಿತ್ತು. ನೀನು ದೂರು ಕೊಡದಿರಲಿ ಎಂದು ಬರೆದೆ. ಆಮೇಲೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಅವರ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದು, ಕೊನೆಗೊಮ್ಮೆ ತಟ್ಟಿದೆ. ಈಗ ಅದು ನಿಜ. ಚೀಲಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು; ಸಹಿ ಸುಳ್ಳಾದ್ದರಿಂದ ಅವು ದಾಖಲೆಗೆ ಸೇರುವುದಿಲ್ಲ. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಮುಂದಿನ ತಿಂಗಳು ತಿಳಿಸುತ್ತಾರಂತೆ. ನನ್ನನ್ನು ಹೆದರಿಸಲಿಕ್ಕಾಗಲಿ ಕಾಪಾಡಲಿಕ್ಕಾಗಲಿ ನಿನ್ನ ಕೈಯಲ್ಲಿ ಇನ್ನೇನೂ ಇಲ್ಲ. ಒಪ್ಪಿಗೆಯ ಹೊಸ ಹಾಳೆಯೊಂದನ್ನು ಜತೆಗಿಟ್ಟಿದ್ದೇನೆ. ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ.