ಎಣ್ಣೆ ಹಚ್ಚದ ದಿನಗಳಲ್ಲಿ ಎದ್ದ ನೀಲಿ ಕಲೆ

ಅತ್ತೆ,

ಈಗ ಸಂಜೆ ಐದೂವರೆ. ಸೊಲ್ಲಾಪುರದ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಕಾವ್ಯಾಳಿಗೆ ರಕ್ತ ಏರಿಸಿದರು. ಮಧ್ಯಾಹ್ನ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದು ಕೂರಿಸಿ ಮಾತಾಡಿದರು. ಈಗ ಅವಳು ಮಲಗಿದ್ದಾಳೆ, ನಿಮ್ಮ ಮಗ ಚಹಾ ತರಲು ಹೋಗಿದ್ದಾರೆ. ನೀವು ಹೋದ ಮೇಲೆ ನಿಮ್ಮ ಮೊಮ್ಮಗಳಿಗೆ ಏನಾಯಿತೆಂದು ನಿಮಗೆ ಹೇಳುವವರು ಯಾರು? ಅದಕ್ಕೇ ಈ ಕಾಗದ.

ಕನ್ನೊಳ್ಳಿಯ ನಮ್ಮ ಬಚ್ಚಲಿನ ಮುಂದೆ ನೀವು ಕಾಲು ಚಾಚಿ ಕೂತು, ಅವಳನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದುದು ಇನ್ನೂ ಕಣ್ಣಲ್ಲಿದೆ. ನಾಲ್ಕು ವರ್ಷ ತುಂಬಿದರೂ ರವಿವಾರದ ಎಣ್ಣೆ ನೀರು ತಪ್ಪಿರಲಿಲ್ಲ. ಈ ಬೇಸಿಗೆಯಲ್ಲಿ ಹುಡುಗಿ ಬೆಳ್ಳಗಾಗುತ್ತ ಬಂದಾಗ ಓಣಿಯೆಲ್ಲ ನಿಮ್ಮನ್ನೇ ಹೊಗಳಿತು. "ಮಮ್ಮಗಳನ್ನ ತಿಕ್ಕಿ ತಿಕ್ಕಿ ಹಾಲಿನಂಗ ಮಾಡೀಯಲ್ಲವ್ವಾ, ನನ್ನ ಸೊಸಿನ್ನೂ ಒಂದೀಟ ತಿಕ್ಕು" ಎಂದಳು ಎದುರು ಮನೆಯ ಶಾಂತವ್ವ. "ನಿನ್ನ ಸೊಸಿನ್ನ ತಿಕ್ಕಾಕ ಗಾಣದ ಎಣ್ಣಿನೂ ಸಾಲೂದಿಲ್ಲ ತಗಿ" ಎಂದಿರಿ ನೀವು. ಎಲ್ಲರೂ ನಕ್ಕೆವು. ಅವಳ ತುಟಿಯೂ ಬಿಳಚಿತ್ತು ಅತ್ತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದರೆ... ಹೊಗಳಿಕೆಯ ನಡುವೆ ಯಾರು ಎಳೆದು ನೋಡುತ್ತಾರೆ?

ಅಂಗನವಾಡಿಯಿಂದ ನಮ್ಮ ಮನೆಗೆ ಎಷ್ಟು ದೂರ? ಕೂಗಿದರೆ ಕೇಳುತ್ತದೆ. ಅಷ್ಟು ದಾರಿಯಲ್ಲೂ "ಆಯಿ, ಎತ್ಕೋ" ಎಂದು ನಿಮ್ಮ ಸೆರಗು ಹಿಡಿದು ಅವಳು ಕುಳಿತುಬಿಡತೊಡಗಿದಳು. ನಿದ್ದೆಯಲ್ಲಿ ಎದ್ದು ಕಾಲು ಹಿಡಿದುಕೊಂಡು ಅಳುತ್ತಿದ್ದಳು. ಬೆಳೆಯುವ ಎಲುಬು, ನೋಯುತ್ತವೆ ಎಂದರು. ಔಷಧಿ ಕುಡಿಸಿದರೆ ಜ್ವರ ಇಳಿಯುತ್ತಿತ್ತು, ಬಾಟಲಿ ಮುಗಿದ ಮೇಲೆ ಮತ್ತೆ ಏರುತ್ತಿತ್ತು. ಹವಾ ಬದಲಾಗಿದೆ ಎಂದರು. ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕಿತು. ಇವೆಲ್ಲ ಒಂದೇ ಮೈಯಲ್ಲಿ ಕೂಡಿವೆ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆ ರವಿವಾರ ಅವಳ ಬೆನ್ನ ಮೇಲೆ, ತೊಡೆಯ ಮೇಲೆ ನೀಲಿ ಕಲೆ ಕಂಡಾಗ ನಿಮ್ಮ ಮಗ ಹೊಸ್ತಿಲಲ್ಲಿ ನಿಂತು, "ಯವ್ವಾ, ಹುಡುಗಿನ್ನ ತಿಕ್ಕಾಕತ್ತೀಯೋ, ಭಾಂಡೆ ತಿಕ್ಕಾಕತ್ತೀಯೋ?" ಎಂದರು. ಚೇಷ್ಟೆಗೆ ಅಂದದ್ದು. ನೀವು ನಗಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡಿರಿ. "ಜ್ವಾಳ ಕಿತ್ತ ಕೈ ಇವು. ಕೂಸಿಗೆ ಭಾರ ಆಗಾಕತ್ತಾವ" ಎಂದಿರಿ. ಮುಂದಿನ ವಾರ ಎಣ್ಣೆಯನ್ನು ಬರೀ ಸವರಿದಿರಿ. ಅದಾದ ಎರಡು ದಿನಕ್ಕೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಆ ಕಲೆ ನಿಮ್ಮ ಕೈಯಿಂದಲೇ ಆಯಿತು ಎಂದುಕೊಂಡೇ ಹೋದಿರಾ?

ಹನ್ನೊಂದನೆಯ ದಿನದ ನಿಮ್ಮ ಕಾರ್ಯ ಮುಗಿಯುವವರೆಗೆ ಸೂತಕದ ಮನೆಯಲ್ಲಿ ಯಾರೂ ಮೈಗೆ, ತಲೆಗೆ ಎಣ್ಣೆ ಹಚ್ಚುವಂತಿರಲಿಲ್ಲ. ನಿಮ್ಮ ಶೀಶೆ ಬಚ್ಚಲ ಗೂಡಿನಲ್ಲೇ ಉಳಿಯಿತು. ತಾಳಿಕೋಟೆಯಿಂದ ಬಂದಿದ್ದ ನಿಮ್ಮ ಮಗಳು ಐದನೆಯ ದಿನ ಕಾವ್ಯಾಳಿಗೆ ಬರೀ ನೀರು ಹಾಕುತ್ತಿದ್ದವಳು ನನ್ನನ್ನು ಕೂಗಿದಳು.

"ವೈನಿ, ಹುಡುಗಿ ಎಲ್ಲೆರ ಬಿದ್ದಿದ್ಲೇನು?"

"ಇಲ್ಲವಾ."

"ಯಾರರ ಹೊಡದಾರೇನು?"

"ಇಷ್ಟು ಮಂದಿಯೊಳಗ ಯಾರು ಹೊಡೀತಾರ?"

"ಮತ್ತ ಇವು ಹೊಸಾವು ಅದಾವಲ್ಲ."

ನೋಡಿದೆ. ತೋಳಿನಲ್ಲಿ, ಪಕ್ಕೆಯಲ್ಲಿ ಹೊಸ ನೀಲಿ. ಮೊಣಕಾಲ ಕೆಳಗೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳು. ಸೊಳ್ಳೆ ಕಡಿದಿರಬೇಕೆಂದು ಬೆರಳಿನಿಂದ ಒತ್ತಿದೆ, ಮಾಯವಾಗಲಿಲ್ಲ. ಮುಂಜಾನೆ ಅವಳ ಉಗುಳಿನಲ್ಲಿ ಕಂಡ ಕೆಂಪು ನೆನಪಾಯಿತು. ಎಣ್ಣೆ ಇಲ್ಲ, ತಿಕ್ಕುವ ನಿಮ್ಮ ಕೈ ಇಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ನೀರು ಹಾಕುವುದನ್ನು ಅರ್ಧಕ್ಕೇ ಬಿಟ್ಟು ಸಿಂದಗಿಗೆ ಒಯ್ದೆವು.

ಅಲ್ಲಿಯ ಮಕ್ಕಳ ಡಾಕ್ಟರು ಕುತ್ತಿಗೆಯಲ್ಲಿ ಊದಿದ್ದ ಗಂಟು ಮುಟ್ಟಿದರು, ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ಬಂದ ಮೇಲೆ ನಮ್ಮ ಕಡೆ ನೋಡದೆ ಮೊದಲು ಎಲ್ಲಿಗೋ ಫೋನು ಮಾಡಿದರು. ಆಮೇಲೆ ಹೇಳಿದರು: "ಜ್ವರ, ಕಾಲುನೋವು ಎಲ್ಲಾ ಹುಡುಗ್ರಿಗೂ ಬರ್ತಾವ್ರಿ. ಆದ್ರ ಜ್ವರ ಬಿಡವಲ್ದು, ಮೈ ಬಿಳಚೇತಿ, ಬಿದ್ದಿಲ್ಲಂದ್ರೂ ನೀಲಿ ಆಗಾಕತ್ತೈತಿ ಅಂದ್ರ ರಕ್ತ ತೋರಸಾಕ ತಡ ಮಾಡಬಾರ್ದು. ರಕ್ತದ ಕ್ಯಾನ್ಸರ್ ಇರಬಹುದು ಅಂತ ಸಂಶಯ ಐತ್ರಿ. ಇವತ್ತ ಸೊಲ್ಲಾಪುರಕ್ಕ ಹೋಗ್ರಿ."

"ನಮ್ಮವ್ವನ ದಿನ ಆಗೂ ತನಕ..." ಎಂದರು ನಿಮ್ಮ ಮಗ.

"ನಾ ಇವತ್ತ ಅಂದೇನ್ರಿ."

ಬಟ್ಟೆ ತೆಗೆದುಕೊಳ್ಳಲು ಮನೆಗೆ ಬಂದರೆ ನಿಮ್ಮ ಮೈದುನ ಒಪ್ಪಲಿಲ್ಲ. "ಹಿರೇಮಗ ಇಲ್ದ ತಾಯಿ ದಿನ ಮಾಡ್ತಾರೇನೋ? ಊರು ಉಗಳತೈತಿ. ಆರು ದಿನದಾಗ ಏನಾಗತೈತಿ?" ಎಂದರು. ನಿಮ್ಮ ಮಗ ನಿಮ್ಮ ಫೋಟೋದ ಮುಂದೆ ತಲೆ ತಗ್ಗಿಸಿ ಕುಳಿತರು. ಗಾಡಿ ಅಂಗಳದಲ್ಲಿ ನಿಂತಿತ್ತು. ಕಾವ್ಯಾಳ ಮೈ ನನ್ನ ಹೆಗಲ ಮೇಲೆ ಸುಡುತ್ತಿತ್ತು. ನನಗೆ ಬಾಯಿಯೇ ಬರಲಿಲ್ಲ ಅತ್ತೆ, ನಿಮಗೆ ಗೊತ್ತಲ್ಲ ನನ್ನ ಗುಣ. ಮಾತಾಡಿದವಳು ನಿಮ್ಮ ಮಗಳು. "ಕಾಕಾ, ನಮ್ಮವ್ವ ಈಗ ಎದ್ದು ಬಂದ್ರ ಯಾರಿಗೆ ಬೈತಿದ್ಲು? ಹೋದವಂಗೋ, ಕುಂತವಂಗೋ?"

ನಿಮ್ಮ ಮಗ ಎದ್ದು ಬಂದು ಗಾಡಿ ಹತ್ತಿದರು. ಸೂತಕವಾದ್ದರಿಂದ ಬರಿಗಾಲು. ಇಲ್ಲಿಯೂ ಬರಿಗಾಲಲ್ಲೇ ಓಡಾಡುತ್ತಿದ್ದಾರೆ. ನರ್ಸಮ್ಮನ ಕೈಲಿ ದಿನಾ ಬೈಸಿಕೊಳ್ಳುತ್ತಾರೆ, ಚಪ್ಪಲಿ ಮಾತ್ರ ಮೆಟ್ಟುವುದಿಲ್ಲ.

ಇಲ್ಲಿ ಎಲುಬಿನೊಳಗಿನ ಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ಇವತ್ತು ಹೇಳಿದರು: ಸಂಶಯ ನಿಜ. ಮಕ್ಕಳಿಗೆ ಬರುವ ಈ ಬಗೆಯದು ಬಹಳ ಸಲ ಔಷಧಿಗೆ ಮಣಿಯುತ್ತದೆ, ಆದರೆ ಎರಡು ಮೂರು ವರ್ಷ ನಡುವೆ ಬಿಡದೆ ಮಾಡಿಸಬೇಕು. ಈಗಲೇ ಯಾವ ಮಾತೂ ಕೊಡಲು ಬರುವುದಿಲ್ಲ. ಕೇಳುವುದು ಬೇರೆ ಎಷ್ಟೋ ಇತ್ತು. ನನ್ನ ಬಾಯಿಂದ ಬಂದದ್ದು ಒಂದೇ. "ಎಣ್ಣಿ ತಿಕ್ಕಿದ್ದಕ್ಕ ಏನರ ಆಗಿತ್ತೇನ್ರಿ?"

"ಇಲ್ಲವಾ. ತಿಕ್ಕಿದ್ದಕ್ಕ ಈ ಬ್ಯಾನಿ ಬರೂದಿಲ್ಲ. ರಕ್ತ ಹೆಪ್ಪುಗಟ್ಟಿಸೂ ಕಣ ಕಡಿಮಿ ಆಗ್ಯಾವ. ಮುಟ್ಟಿದ್ರೂ ನೀಲಿ, ಮುಟ್ಟದಿದ್ರೂ ನೀಲಿ."

ನಿಮ್ಮ ಮಗ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದು ಯಾತಕ್ಕೆಂದು ನಾನು ಕೇಳಲಿಲ್ಲ. ನಿಮ್ಮ ಕೈ ಭಾರವಾಗಿರಲಿಲ್ಲ ಅತ್ತೆ. ಇದನ್ನು ನಿಮಗೆ ಹೇಳಬೇಕಾಗಿತ್ತು.

ಈಗ ಅವಳ ಮೈಯನ್ನು ಯಾರೂ ತಿಕ್ಕುವಂತಿಲ್ಲ. ಡಾಕ್ಟರು ಆಗಲಿ ಅಂದ ಮೊದಲ ರವಿವಾರ, ನಿಮ್ಮ ಜಾಗದಲ್ಲಿ ನಾನು ಕಾಲು ಚಾಚಿ ಕೂರುತ್ತೇನೆ. ಅಲ್ಲಿಯವರೆಗೆ ಗೂಡಿನ ಶೀಶೆ ಮುಟ್ಟಬೇಡ ಎಂದು, ನಾಳೆ ಮನೆ ತೊಳೆಯಲು ಬರುವ ಶಾಂತವ್ವನಿಗೆ ಫೋನಿನಲ್ಲಿ ಹೇಳಿದ್ದೇನೆ.

ಆಗಲೇ ನಿಮ್ಮ ಮಗನಿಗೆ ನಿಮ್ಮ ಮೈದುನ ಫೋನು ಮಾಡಿದ್ದರು. "ನೀ ಅಲ್ಲೇ ಇರಪಾ, ಇಲ್ಲಿ ನಾ ಅದೇನಿ" ಅಂದರಂತೆ. ನಾಳೆ ಕನ್ನೊಳ್ಳಿಯಲ್ಲಿ ನಿಮ್ಮ ಹನ್ನೊಂದನೆಯ ದಿನ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಕಾವ್ಯಾಳಿಗೆ ಮೊದಲ ಔಷಧಿ ಏರಿಸುತ್ತಾರೆ. ನಿಮ್ಮ ಮಗ ಇಲ್ಲಿರುತ್ತಾರೆ.